ಹಾಲುಹಲ್ಲು ಬಲ್ಲ ನಮ್ಮ ಮಾಮಾ

ನಮ್ಮ ಮಾಮಾ ಯಾರ ಮುಖವನ್ನೂ ನೋಡಿದವನಲ್ಲ. ನೇರ ಬಾಯೊಳಗೇ ನೋಡುತ್ತಿದ್ದ! ನಮ್ಮೂರು ಡಾಬಕಾದಲ್ಲಿ ಅವನ ಕುರಿಹಿಂಡಿತ್ತು. ಹಲ್ಲು ನೋಡಿ ಕುರಿಯ ವಯಸ್ಸು ಹೇಳುವವರು ಊರ ತುಂಬ ಇದ್ದರು. ಇವನೋ, ಉದುರಿದ ಹಾಲುಹಲ್ಲು ಹಿಡಿದು ಅದು ಗಂಡುಮಗುವಿನದೋ ಹೆಣ್ಣುಮಗುವಿನದೋ ಹೇಳುತ್ತಿದ್ದ. ಹೇಳು ಅಂತ ಕೇಳಿದವರು ಯಾರು? ಯಾರೂ ಇಲ್ಲ!

“ಹುಡುಗೂರ ಹಲ್ಲಿಗಿ ಒಳಗಿನ ತಿರುಳು ದಪ್ಪರಿ, ಹುಡುಗ್ಯಾರ ಹಲ್ಲಿಗಿ ಮ್ಯಾಲಿನ ಸಿಪ್ಪಿ ದಪ್ಪ,” ಎನ್ನುತ್ತ ಉಗುರಿನಿಂದ ಟಕ್ ಟಕ್ ಬಡಿದು ಕಿವಿಗೊಡುತ್ತಿದ್ದ. ನಮ್ಮಲ್ಲಿ ಉದುರಿದ ಹಲ್ಲನ್ನು ಸೆಗಣಿ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರಲ್ಲ, ಅದಕ್ಕೆ ಮೊದಲು ಇವನ ಪರೀಕ್ಷೆ ಆಗಲೇಬೇಕು. ತಡವಾದರೆ ಮಾಳಿಗೆ ಹತ್ತಿ ಸೆಗಣಿ ಕೆದಕುತ್ತಿದ್ದ. ಅತ್ತೆ ಅವನ ಕೈಗೆ ರೊಟ್ಟಿ ಕೊಡುವುದನ್ನೇ ಬಿಟ್ಟಿದ್ದಳು.

ಒಮ್ಮೆ ಪಕ್ಕದ ಮನೆಯ ಹುಡುಗನ ಹಲ್ಲನ್ನು ಹೆಣ್ಣಿನದೆಂದುಬಿಟ್ಟ. ತಾಯಿ ಕೆರಳಿದಳು: “ಹಡದಾಕಿ ನಾನು, ನನಗ ಗೊತ್ತಿಲ್ಲೇನು?”

“ಹಲ್ಲು ಸುಳ್ಳು ಹೇಳಂಗಿಲ್ಲವ್ವ. ಹುಡುಗನ್ನ ಇನ್ನೊಮ್ಮಿ ನೋಡು!”

ಔರಾದದ ಒಬ್ಬ ಸಾಹುಕಾರನಿಗೆ ಐದೂ ಹೆಣ್ಣುಮಕ್ಕಳು. ಕಿರಿಯವಳ ಹಲ್ಲನ್ನು ಗಂಡಿನದೆಂದು ಮಾಮಾ ಹೇಳಿದರೆ ಮುಂದಿನ ಕೂಸು ಗಂಡಾದೀತೆಂದು ಸಾಹುಕಾರನ ಹೆಂಡತಿ ರೇಷ್ಮೆ ರುಮಾಲನ್ನೇ ಮುಂದಿಟ್ಟಳು. “ಹಲ್ಲಿನ ವಿಷಯದಾಗ ಸುಳ್ಳು ಹೇಳಂಗಿಲ್ರಿ,” ಎಂದು ಮಾಮಾ ತನ್ನ ಹರಕು ರುಮಾಲಿನಲ್ಲೇ ಮನೆಗೆ ಬಂದ.

ಆಮೇಲೆ, ನಮ್ಮ ಸಂಸ್ಥಾನವನ್ನು ದೇಶಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ನಿಗೆ ಮುಂಚಿನ ಗದ್ದಲದ ದಿನಗಳು ಬಂದವು. ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾರೆಂಬ ಸುದ್ದಿ. ಏಳು ವರ್ಷದ ನನ್ನ ಜಡೆ ಕತ್ತರಿಸಿ, ಅಂಗಿ ಚಡ್ಡಿ ತೊಡಿಸಿ, ಮಾಮಾ ಬಂಡಿಯಲ್ಲಿ ಸಂಸ್ಥಾನದ ಗಡಿಯಾಚೆ ಕರೆದುಕೊಂಡು ಹೊರಟ. ದಾರಿಯಲ್ಲಿ ಬಂದೂಕು ಹಿಡಿದವರು ತಡೆದರು. ಒಬ್ಬ ನನ್ನ ಮುಖ ದಿಟ್ಟಿಸಿ, “ಇದು ಹುಡುಗಿ ಅಲ್ಲೇನು?” ಎಂದ.

ಮಾಮಾ ಏನು ಮಾಡಿದನೆನ್ನುತ್ತೀರಿ? ಅಲುಗಾಡುತ್ತಿದ್ದ ನನ್ನ ಹಲ್ಲನ್ನು ಕಿತ್ತೇಬಿಟ್ಟ! ನಾನು ಕಿರುಚುತ್ತಿದ್ದರೆ ಅವನು ಉಗುರಿನಿಂದ ಬಡಿದು, ಸಿಪ್ಪೆ, ತಿರುಳು ಅಂತ ಪಾಠ ಶುರುಮಾಡಿದ. “ಗಂಡಿಂದರಿ ಸಾಹೇಬ್ರ, ಖರೇ ಗಂಡಿಂದು! ನಂಬಿಕಿ ಇಲ್ಲಂದ್ರ ನಿಮ್ಮ ಬಾಯಿ ತೆರೀರಿ, ಹೋಲಿಸಿ ತೋರಸ್ತೇನಿ!” ಬಂದೂಕಿನವರು ಹೊಟ್ಟೆ ಹಿಡಿದು ನಕ್ಕರು. “ಹೋಗೋ ಹುಚ್ಚಾ,” ಎಂದು ಬಿಟ್ಟೂಬಿಟ್ಟರು.

ಗಡಿ ದಾಟಿದ ಮೇಲೆ ಬಿಕ್ಕುತ್ತ ಕೇಳಿದೆ: “ಮಾಮಾ, ನನ್ನ ಹಲ್ಲು ಖರೇನ ಗಂಡಿಂದೇನು?”

ಅವನು ನನ್ನನ್ನು ಎದೆಗವಚಿಕೊಂಡು ಅತ್ತುಬಿಟ್ಟ. “ಇಲ್ಲವ್ವ. ನಿಂದು ಅಪ್ಪಟ ಹೆಣ್ಣಿನ ಹಲ್ಲು.”

ಊರಿಗೆ ಮರಳಿದ ಮೇಲೆ ಮಾಮಾ ಯಾರ ಹಲ್ಲನ್ನೂ ಮುಟ್ಟಲಿಲ್ಲ. ಯಾರಾದರೂ ತಂದರೆ, “ಒಮ್ಮಿ ಸುಳ್ಳು ಹೇಳಿದ ಬಾಯಿರಿ ಇದು,” ಎನ್ನುತ್ತಿದ್ದ, ನನ್ನ ತಲೆ ಸವರುತ್ತ, ಬಹಳ ಖುಷಿಯಿಂದ.