ಸದ್ದು ಮಾಡದ ಕಂಪ್ರೆಸರ್

ಮನುಷ್ಯ ಕಲ್ಲಿಗೆ ಕಲ್ಲು ಕುಟ್ಟಿ ಕಿಡಿ ಹೊರಡಿಸಿದ ದಿನದಿಂದ ಇಂದಿನವರೆಗೆ, ಸದ್ದಿಲ್ಲದೆ ಆದ ದೊಡ್ಡ ಕೆಲಸ ಈ ಲೋಕದಲ್ಲಿ ಒಂದೂ ಇಲ್ಲ. ನಾಗರಿಕತೆಯ ಚರಿತ್ರೆಯೆಂದರೆ ಒಂದರ್ಥದಲ್ಲಿ ನೆರೆಮನೆಯವರ ತಾಳ್ಮೆಯ ಚರಿತ್ರೆ. ಈ ಮಾತನ್ನು ನಾನು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, ವಿಷಯಕ್ಕೆ ತಕ್ಕ ಗಾಂಭೀರ್ಯದಿಂದ ಹೇಳಿದೆ. ನನ್ನ ಹೆಂಡತಿ ವಿಮಲಾ, "ಮಜ್ಜಿಗೆಗೆ ಅನ್ನ ಹಾಕ್ಲಾ, ಸಾಕಾ?" ಎಂದಳು. ಸಾಕು ಎಂದೆ. ಹಾಗೆ ನಾಗರಿಕತೆಯ ಚರಿತ್ರೆ ಅಲ್ಲಿಗೆ ಮುಗಿದು, ನಮ್ಮ ಮನೆಯ ಕಂಪ್ರೆಸರಿನ ಚರಿತ್ರೆ ಆರಂಭವಾಯಿತು.

ನಾನು ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆಕಾಶಕ್ಕೆ ಹೋಗುವ ಯಂತ್ರಗಳ ಬಿಡಿಭಾಗಗಳನ್ನು ಹೋಗುವ ಮೊದಲು ಚೆನ್ನಾಗಿ ಅಲುಗಾಡಿಸಿ, ಎಷ್ಟು ನಡುಗುತ್ತವೆ, ಎಷ್ಟು ಗದ್ದಲ ಮಾಡುತ್ತವೆ ಎಂದು ಅಳೆಯುವುದು ನಮ್ಮ ವಿಭಾಗದ ಕೆಲಸವಾಗಿತ್ತು. ತುಮಕೂರಿನ ನನ್ನ ಸೋದರಮಾವನಿಗೆ ಇದನ್ನು ಎಷ್ಟು ಸಲ ವಿವರಿಸಿದರೂ, "ಅಂದ್ರೆ ಅಲ್ಲಾಡ್ಸೋದಕ್ಕೇ ಸಂಬಳ ಕೊಡ್ತಾರೇನೋ?" ಎಂದು ಕೇಳುವುದನ್ನು ಅವರು ಬಿಡಲಿಲ್ಲ. ಕೊಡುತ್ತಿದ್ದರು. ನಿವೃತ್ತನಾದ ಮೇಲೆ ಅಲ್ಲಾಡಿಸಲು ಏನೂ ಸಿಗದೆ ನಾನು ಮರಗೆಲಸ ಹಿಡಿದೆ. ಮೊದಲು ಸ್ಟೂಲು ಮಾಡಿದೆ. ಆಮೇಲೆಯೂ ಸ್ಟೂಲನ್ನೇ ಮಾಡಿದೆ. ಊರಿನ ಕನ್ನಡದ ಮನೆಗಳಲ್ಲೆಲ್ಲ ಈಗ ನನ್ನ ಸ್ಟೂಲು ಇದೆ. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ, ನಮ್ಮ ಕೈಯಲ್ಲಿ ಏನಿದೆ ಎಂದು ಅವರು ಬಾಗಿಲಲ್ಲೇ ಇಣುಕಿ ನೋಡುತ್ತಾರೆ.

ಈ ಉದ್ಯಮಕ್ಕೆ ಜಾಗ ಒದಗಿಸಿದ್ದು ಕೇರಳದ ವಾಸ್ತುಪದ್ಧತಿ. ಇಲ್ಲಿ ಯಾವ ಫ್ಲಾಟಿಗೆ ಹೋದರೂ ಅಡುಗೆಮನೆಯ ಹಿಂದೆ 'ವರ್ಕ್ ಏರಿಯಾ' ಎಂಬ ಒಂದು ಕೋಣೆ ಇರುತ್ತದೆ. ಮೀನು ತೊಳೆಯುವುದು, ತೆಂಗಿನಕಾಯಿ ತುರಿಯುವುದು, ಹಲಸಿನಹಣ್ಣು ಬಿಡಿಸುವುದು, ಹೀಗೆ ಒಳ ಅಡುಗೆಮನೆಯ ಮರ್ಯಾದೆಗೆ ತಕ್ಕುದಲ್ಲದ ಕೆಲಸಗಳೆಲ್ಲ ಅಲ್ಲಿ. ನಾವು ಮೀನು ತಿನ್ನುವವರಲ್ಲ. ತುರಿದ ಕಾಯಿ ಅಂಗಡಿಯಲ್ಲೇ ಸಿಗುತ್ತದೆ. ಪಟ್ಟಂ ಬಡಾವಣೆಯ ಈ ಫ್ಲಾಟಿಗೆ ಬಂದಾಗಿನಿಂದ ಆ ಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ವಾಷಿಂಗ್ ಮೆಷೀನ್ ತರಬೇಕೆಂದು ವಿಮಲಾ ಯೋಚಿಸುತ್ತಿದ್ದಳಂತೆ. ಅವಳು ಯೋಚಿಸುತ್ತಿರುವಾಗಲೇ ನಾನು ಅಲ್ಲಿ ಕರಗಸ, ಉಜ್ಜುಗೊರಡು ಮುಂತಾದವುಗಳನ್ನು ಪ್ರತಿಷ್ಠಾಪಿಸಿಬಿಟ್ಟೆ.

ಸ್ಟೂಲುಗಳಿಗೆ ಬಣ್ಣ ಸಿಂಪಡಿಸಲೆಂದು ಒಂದು ಟೈರ್ ಅಂಗಡಿಯವನಿಂದ ಹಳೆಯ ಕಂಪ್ರೆಸರ್ ತಂದಾಗ ತಕರಾರು ಶುರುವಾಯಿತು. ಅದು ಪ್ರಾಮಾಣಿಕವಾದ ಯಂತ್ರ. ಮಾಡುವ ಕೆಲಸವನ್ನೆಲ್ಲ ಕೂಗಿ ಹೇಳುತ್ತಿತ್ತು. ಮೊದಲ ದಿನವೇ ನಮ್ಮ ಕೆಳಗಿನ ಫ್ಲಾಟಿನ ಶಾರದಾ ಟೀಚರ್ ಮೇಲೆ ಬಂದರು. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿ ನಿವೃತ್ತರಾದವರು; ಮಧ್ಯಾಹ್ನ ಊಟದ ಮೇಲೆ ಒಂದಿಷ್ಟು ಮಲಗುವುದು ಬಿಟ್ಟರೆ ಅವರಿಗೆ ಬೇರೆ ಚಟವಿಲ್ಲ. "ಸಾರೇ, ಮುಗಳಿಲ್ ಎಂದಾ, ವಿಮಾನಂ ಇರಂಗುನ್ನುಂಡೋ?" ಎಂದು ಕೇಳಿದರು. ಮೇಲೇನು, ವಿಮಾನ ಇಳಿಯುತ್ತಿದೆಯೇ ಎಂದು. ಕೋಪವಿರಲಿಲ್ಲ. ತಪ್ಪು ಉತ್ತರ ಬರೆದ ಹುಡುಗನನ್ನು ಇನ್ನೊಮ್ಮೆ ಯೋಚಿಸು ಎನ್ನುವಂತೆ ಕೇಳಿದರು. ನಾನು ಯೋಚಿಸಲಿಲ್ಲ. ಮರುದಿನವೂ ವಿಮಾನ ಇಳಿಯಿತು.

ವಿಷಯ ಅಪಾರ್ಟ್‌ಮೆಂಟ್ ಸಮಿತಿಗೆ ಹೋಯಿತು. ಕಾರ್ಯದರ್ಶಿ ತೋಮಸ್ ಸಾರ್ ನ್ಯಾಯವಂತರು. ಹಳೆಯ ಯಂತ್ರ ಕೂಡಲೇ ಹೊರಗೆ ಹೋಗಬೇಕು. ಟೀಚರ್ ಮಲಗುವ ಕೋಣೆಯಲ್ಲಿ ಕೇಳಿಸದಂಥ ಯಂತ್ರ ತಂದರೆ ಸಮಿತಿಯೇ ಬಂದು ಪರೀಕ್ಷೆ ಮಾಡುತ್ತದೆ. ಪಾಸಾದರೆ ಸರಿ, ಫೇಲಾದರೆ ವರ್ಕ್ ಏರಿಯಾದಲ್ಲಿ ಇನ್ನು ಮುಂದೆ ಮರಗೆಲಸವೇ ಕೂಡದು, ಎಂದು ತೀರ್ಪು ಕೊಟ್ಟರು. "ಒನ್ ಚಾನ್ಸ್, ಸಾರ್. ಒನ್ಲಿ ಒನ್." ಅಂದು ಸಂಜೆ ವಿಮಲಾ ಒಂದು ಟೇಪು ತೆಗೆದುಕೊಂಡು ವರ್ಕ್ ಏರಿಯಾದ ಅಗಲವನ್ನು ಅಳೆಯುತ್ತಿದ್ದಳು. ಏಕೆ ಎಂದು ನಾನು ಕೇಳಲಿಲ್ಲ. "ಸುಮ್ನೆ" ಎಂದು ಅವಳೇ ಹೇಳಿದಳು.

ಹೀಗೆ ನಾನು ಈ ವಯಸ್ಸಿನಲ್ಲಿ ಮತ್ತೆ ಸಂಶೋಧನೆಗೆ ಇಳಿದೆ. ಕಂಪ್ರೆಸರುಗಳ ಲೋಕ ನಾನೆಣಿಸಿದ್ದಕ್ಕಿಂತ ವಿಶಾಲವಾದದ್ದು. ಎಣ್ಣೆ ಬೇಡುವ ಕುಲ ಒಂದು, ಎಣ್ಣೆ ಮುಟ್ಟದ ಕುಲ ಇನ್ನೊಂದು. ನಿಧಾನವಾಗಿ ತಿರುಗುವವು ಮೆತ್ತಗೆ ಮಾತಾಡುತ್ತವೆ, ಗಡಿಬಿಡಿಯವು ಅರಚುತ್ತವೆ. ಈ ವಿಷಯದಲ್ಲಿ ನಮ್ಮ ಬಂಧುಗಳಿಗೂ ಅವಕ್ಕೂ ವ್ಯತ್ಯಾಸವಿಲ್ಲ. ಎಲ್ಲಕ್ಕಿಂತ ಮೌನಿಗಳು ದಂತವೈದ್ಯರ ಬಳಿ ಇರುತ್ತವೆ ಎಂದು ಎಲ್ಲೋ ಓದಿದೆ. ನೋಡಿಯೇಬಿಡೋಣ ಎಂದು ಪಟ್ಟಂನಲ್ಲೇ ಇರುವ ಒಬ್ಬ ದಂತವೈದ್ಯೆಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಯಂತ್ರದ ಸದ್ದು ಕೇಳಬೇಕಾದರೆ ಕುರ್ಚಿಯಲ್ಲಿ ಕೂರಬೇಕು. ಕುರ್ಚಿಯಲ್ಲಿ ಕೂತವನು ಬಾಯಿ ತೆರೆಯಬೇಕು. "ಯಾವ ಹಲ್ಲು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. "ಹಲ್ಲಲ್ಲ, ನಿಮ್ಮ ಕಂಪ್ರೆಸರ್ ಎಲ್ಲಿದೆ?" ಎಂದೆ. ಆಕೆ ನರ್ಸಿನ ಮುಖ ನೋಡಿದರು. ಕಂಪ್ರೆಸರ್ ಹಿಂದಿನ ಬಾಲ್ಕನಿಯಲ್ಲಿತ್ತು. ಅದಕ್ಕೇ ಅದರ ಸದ್ದು ಕೇಳಿಸುತ್ತಿರಲಿಲ್ಲ. ಹೇಗೂ ಬಾಯಿ ತೆರೆದಿದ್ದರಿಂದ ಅವರು ಹಿಂದಿನ ದವಡೆಯಲ್ಲಿ ಒಂದು ಹುಳುಕು ಪತ್ತೆಮಾಡಿ ತುಂಬಿ ಕಳಿಸಿದರು. ಸಂಶೋಧನೆಯಲ್ಲಿ ಇಂಥ ಅನಿರೀಕ್ಷಿತ ಫಲಿತಾಂಶಗಳು ಸಹಜ.

ತಿರುವನಂತಪುರದ ಅಂಗಡಿಗಳಲ್ಲಿ ನಾನು ಬಯಸಿದಂಥ ಯಂತ್ರದ ಚಿತ್ರ ತೋರಿಸುತ್ತಿದ್ದರು. ಯಂತ್ರ ಬೇಕಾದರೆ ತರಿಸಿಕೊಡುತ್ತಿದ್ದರು. ಕಿವಿಯಿಂದ ಕೊಳ್ಳುವ ವಸ್ತುವನ್ನು ಕಣ್ಣಿಂದ ಹೇಗೆ ಕೊಳ್ಳಲಿ? ಕೊಚ್ಚಿಯ ಕಲೂರಿನಲ್ಲಿ ಒಂದು ದೊಡ್ಡ ಅಂಗಡಿಯಿದೆ, ಎಲ್ಲವನ್ನೂ ಓಡಿಸಿ ತೋರಿಸುತ್ತಾರೆ ಎಂದು ತಿಳಿಯಿತು. ನಮ್ಮ ಮಗಳು ಮೇಘನಾ ಅಲ್ಲೇ ಪಾಲಾರಿವಟ್ಟಂನಲ್ಲಿ ಇದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಸಿಟ್ಟು ಬಂದಾಗ ಮಾತ್ರ ಮಲಯಾಳಂ. ಬೆಳಗಿನ ರೈಲಿಗೆ ಹೋಗಿ ಅವಳನ್ನೂ ಅಂಗಡಿಗೆ ಹೊರಡಿಸಿದೆ.

ಅಂಗಡಿಯಲ್ಲಿ ಶಾಜಿ ಎಂಬ ಸೇಲ್ಸ್‌ಮನ್ ಬಹಳ ಉತ್ಸಾಹದಿಂದ ಎದುರುಗೊಂಡ. "ಸಾರೇ, ಇದು ಸೈಲೆಂಟಾಣ್. ಅದುಂ ಸೈಲೆಂಟಾಣ್. ಆ ಮೂಲೆಯದು ಸೂಪರ್ ಸೈಲೆಂಟ್." ಒಂದನ್ನು ಓಡಿಸಿದ. ನನ್ನ ಫೋನಿನಲ್ಲಿ ಸದ್ದಳೆಯುವ ಒಂದು ಆ್ಯಪ್ ಇತ್ತು. ಯಂತ್ರ ಶುರುವಾಗುವ ಮೊದಲು ಅದು ಎಷ್ಟು ತೋರಿಸಿತ್ತೋ, ಶುರುವಾದ ಮೇಲೂ ಅಷ್ಟೇ ತೋರಿಸಿತು. ನನಗೆ ರೋಮಾಂಚನವಾಯಿತು. ಎರಡನೆಯದೂ ಅಷ್ಟೇ. ಮೂರನೆಯದೂ ಅಷ್ಟೇ. ಆಗ ನನ್ನೊಳಗಿನ ತಜ್ಞನಿಗೆ ಎಚ್ಚರವಾಯಿತು: ಆ್ಯಪು ಅಳೆಯುತ್ತಿದ್ದುದು ಕಲೂರನ್ನು. ಹೊರಗೆ ಖಾಸಗಿ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುತ್ತ ಹಾರನ್ ಬಾರಿಸುತ್ತಿದ್ದವು, ಮೇಲೆ ಮೆಟ್ರೋ ಹೋಗುತ್ತಿತ್ತು. ಆ ಗದ್ದಲದ ನಡುವೆ ನಮ್ಮ ಹಳೆಯ ಟೈರಂಗಡಿ ಯಂತ್ರವೂ ಸೂಪರ್ ಸೈಲೆಂಟೇ.

"ಬಾಗಿಲು ಹಾಕಿ" ಎಂದೆ. ಹಾಕಿದ. "ಫ್ಯಾನ್ ಆರಿಸಿ." ಆರಿಸಿದ. "ಏಸಿ?" ಶಾಜಿ ಮೇಘನಾಳ ಕಡೆ ನೋಡಿದ. "ಅಪ್ಪಾ, ಪ್ಲೀಸ್, ಎವೆರಿಬಡಿ ಈಸ್ ವಾಚಿಂಗ್" ಎಂದಳು. ನೋಡಲಿ. ಏಸಿಯೂ ಆರಿತು. ಕೊಚ್ಚಿಯ ಸೆಖೆಯಲ್ಲಿ ಗಿರಾಕಿಗಳು ಬೆವರು ಒರೆಸಿಕೊಳ್ಳುತ್ತ ನಿಂತರು. ಕೊನೆಗೆ ಶಾಜಿಯೇ ಬೇಸತ್ತು ನಮ್ಮನ್ನೂ ಯಂತ್ರಗಳನ್ನೂ ಹಿಂದಿನ ಗೋದಾಮಿಗೆ ಸಾಗಿಸಿದ. ಅಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಮೊಣಕಾಲೂರಿ ಕೂತು, ಒಂದೊಂದರ ಪಕ್ಕೆಗೂ ಕಿವಿಯಿಟ್ಟು, ಮೇಲೆ ಅಂಗೈಯಿಟ್ಟು, ನಾನು ನನ್ನ ಹಳೆಯ ವೃತ್ತಿಯ ಪರಮಾನಂದವನ್ನು ಅನುಭವಿಸಿದೆ. ಮೂಲೆಯದನ್ನು ಓಡಿಸಿ ಶಾಜಿ ಅದರ ನೆತ್ತಿಯ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ. ನಾಣ್ಯ ನಿಂತೇ ಇತ್ತು. ಯಂತ್ರದಿಂದ ಬರುತ್ತಿದ್ದುದು ಪಕ್ಕದ ಕೋಣೆಯಲ್ಲಿ ಯಾರೋ ದಿನಪತ್ರಿಕೆ ಮಗುಚಿದಂಥ ಸದ್ದು. "ಮತಿ, ಅಚ್ಛಾ, ಇದು ಮತಿ!" ಎಂದಳು ಮೇಘನಾ. ಸಿಟ್ಟಿನಲ್ಲಿ ಅಪ್ಪ ಹೋಗಿ ಅಚ್ಛ ಆಗಿದ್ದ; ಇದೇ ಸಾಕು ಎಂದು ಆ ಮಾತಿನ ಅರ್ಥ. ಅದನ್ನೇ ಕೊಂಡೆ. ಎಷ್ಟು ಹಗುರವಾಗಿತ್ತೆಂದರೆ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಇದು ಅದರ ಇನ್ನೊಂದು ಸದ್ಗುಣವೆಂದು ಎದುರು ಸೀಟಿನವರಿಗೆ ಕೊಲ್ಲಂವರೆಗೂ ವಿವರಿಸಿದೆ.

ಶನಿವಾರ ಮಧ್ಯಾಹ್ನ ಪರೀಕ್ಷೆ. ತೋಮಸ್ ಸಾರ್, ಸಮಿತಿಯ ಇನ್ನಿಬ್ಬರು, ಟೀಚರ್, ಎಲ್ಲರೂ ಕೆಳಗೆ ಟೀಚರ್ ಮಲಗುವ ಕೋಣೆಯಲ್ಲಿ ಕೂತರು. ಮೇಲೆ ನಾನು ಮತ್ತು ವಿಮಲಾ. ಫೋನು ಬಂದಿತು. "ಸಾರ್, ವಿ ಆರ್ ರೆಡಿ. ಪ್ಲೀಸ್ ಸ್ಟಾರ್ಟ್." ಗುಂಡಿ ಒತ್ತಿದೆ. ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು: "ಸಾರ್, ಯು ಡಿಡಂಟ್ ಸ್ಟಾರ್ಟ್?" ಆಗಿನಿಂದ ಓಡುತ್ತಿದೆ ಎಂದೆ. ಕೆಳಗೆ ಏನೋ ಗುಸುಗುಸು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಇಡೀ ಸಮಿತಿ ನಂಬಿಕೆಯಿಲ್ಲದೆ ಮೇಲೇ ಬಂದಿತ್ತು. ಟೀಚರ್ ಕನ್ನಡಕ ಸರಿಮಾಡಿಕೊಂಡು, ಜ್ವರ ನೋಡುವಂತೆ ಯಂತ್ರದ ಮೇಲೆ ಅಂಗೈಯಿಟ್ಟರು. "ಅಯ್ಯೋ, ಇದು ಓಡುನ್ನುಂಡಲ್ಲೋ!" ಎಂದರು. ಓಡುತ್ತಿದೆಯಲ್ಲ! ತೋಮಸ್ ಸಾರ್ ನನ್ನ ಕೈ ಕುಲುಕಿ, "ನೀವು ಸೈಂಟಿಸ್ಟ್ ಅನ್ನೋದು ಸುಮ್ಮನೆ ಅಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅಲ್ಲಗಳೆಯಲಿಲ್ಲ. ವಿಮಲಾ ಎಲ್ಲರಿಗೂ ಚಹಾ ಕೊಟ್ಟಳು. ಅವಳ ಮುಖದಲ್ಲಿ ವಾಷಿಂಗ್ ಮೆಷೀನೊಂದು ದೂರ ಸಾಗುತ್ತಿರುವುದು ಕಾಣುತ್ತಿತ್ತು.

ಟೀಚರ್ ಅಷ್ಟಕ್ಕೇ ನಿಲ್ಲಲಿಲ್ಲ. ಸಂತೋಷವಾದಾಗ ಅವರು ಕೆಲಸ ಕೊಡುವವರು. ತಮ್ಮ ತಂದೆ ಕೂರುತ್ತಿದ್ದ ಚಾರುಕಸೇರವನ್ನು, ಅಂದರೆ ಕಾಲು ಚಾಚಿ ಒರಗುವ ಆ ಉದ್ದ ತೋಳಿನ ಆರಾಮ ಕುರ್ಚಿಯನ್ನು, ಸಂಜೆಯೇ ಮೇಲೆ ಕಳಿಸಿದರು. "ಸಾರಿನ ಮೆಷೀನಿನಲ್ಲಿ ಚೆನ್ನಾಗಿ ಬಣ್ಣ ಹೊಡೆದು ಕೊಡಿ. ಓಣಂ ಹಬ್ಬಕ್ಕೆ ಅಣ್ಣ ಬರುತ್ತಾನೆ, ಅದರಲ್ಲೇ ಕೂರಿಸಬೇಕು." ಮೊನ್ನೆ ಮೊನ್ನೆಯವರೆಗೆ ಶತ್ರುಪಕ್ಷದಲ್ಲಿದ್ದವರು ಇಂಥ ಪಿತ್ರಾರ್ಜಿತ ವಸ್ತುವನ್ನು ನಂಬಿ ಕೊಟ್ಟಾಗ ಮನಸ್ಸು ತುಂಬಿ ಬಂತು.

ಭಾನುವಾರ ಬೆಳಗ್ಗೆ ಕುರ್ಚಿಯನ್ನು ಉಜ್ಜಿ, ಬಣ್ಣ ಕಲಸಿ, ಸ್ಪ್ರೇ ಗನ್ನಿಗೆ ತುಂಬಿ, ಗುಂಡಿ ಒತ್ತಿದೆ. ಮುಂಜಾನೆಯ ಮಂಜಿನಂತೆ ಬಣ್ಣ ಹರಡಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಹರಡಿತು. ಆಮೇಲೆ ಗನ್ನು ಕೆಮ್ಮಿತು. ಕುರ್ಚಿಯ ತೋಳಿನ ಮೇಲೆ ಎಲೆಯಡಿಕೆ ಉಗುಳಿದಂತೆ ಕೆಂಪು ಹನಿಗಳು ಬಿದ್ದವು. ಟ್ಯಾಂಕಿನಲ್ಲಿ ಗಾಳಿ ಖಾಲಿ. ಮತ್ತೆ ತುಂಬುವವರೆಗೆ ಕಾದೆ. ಮತ್ತೆ ಒಂದುಸಿರು ಮಂಜು, ಮತ್ತೆ ಉಗುಳು. ಯಂತ್ರ ಮಾತ್ರ ಒಂದಿಷ್ಟೂ ಗೊಣಗದೆ, ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿದು, ಕೊನೆಗೆ ಬಿಸಿಯೇರಿ ತಾನಾಗಿಯೇ ನಿಂತಿತು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಸದ್ದಿನ ಅಂಕಿ ದಪ್ಪಕ್ಷರದಲ್ಲಿತ್ತು. ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂಬುದೂ ಅದರ ಕೆಳಗೇ ಇತ್ತು. ಕೇಕಿನ ಮೇಲೆ ಹೂ ಬಿಡಿಸುವವರಿಗೆ ಅದು ಧಾರಾಳ ಸಾಕು. ಗೋದಾಮಿನಲ್ಲಿ ಅಷ್ಟು ಹೊತ್ತು ಮೊಣಕಾಲೂರಿದ್ದ ನಾನು ಆ ಯಂತ್ರದ ನಡುಕ ಕೇಳಿದ್ದೆ, ಸದ್ದು ಕೇಳಿದ್ದೆ, ತೂಕ ಕೇಳಿದ್ದೆ. ಗಾಳಿಯ ವಿಷಯ ಕೇಳಿರಲಿಲ್ಲ. ಕೊಂಡದ್ದು ಗಾಳಿಯ ಯಂತ್ರ. ಇಡೀ ಸೇವಾವಧಿಯಲ್ಲಿ ಯಂತ್ರಗಳು ಎಷ್ಟು ಅಲುಗಾಡುತ್ತವೆ ಎಂದು ನೋಡಿದ್ದೆ; ಅವು ಏನು ಮಾಡುತ್ತವೆ ಎಂದು ವಿಚಾರಿಸುವುದು ನಮ್ಮ ವಿಭಾಗದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ವಿಮಲಾ ಬಾಗಿಲಲ್ಲಿ ನಿಂತು ಕುರ್ಚಿಯನ್ನೂ ನನ್ನನ್ನೂ ನೋಡಿದಳು. "ಈ ಚುಕ್ಕಿ ಡಿಸೈನು ಟೀಚರ್ ಕೇಳಿದ್ರಾ?" ಎಂದಳು. ಆಮೇಲೆ ಅಂಗಡಿಗೆ ಹೋಗಿಬಂದು, ಒಂದು ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟು ಹೋದಳು.

ಓಣಕ್ಕೆ ಮೊದಲು ಕುರ್ಚಿ ಕೆಳಗೆ ಹೋಯಿತು. ಟೀಚರ್ ಅದರ ತೋಳನ್ನು ಸವರಿ ಸವರಿ ನೋಡಿದರು. "ಎಷ್ಟು ಚೆನ್ನಾಗಿದೆ! ಇಷ್ಟು ದಿನ ಮಧ್ಯಾಹ್ನವೆಲ್ಲ ಮೆಷೀನ್ ಓಡಿಸಿದ್ರಾ ಸಾರ್? ನನಗೆ ಒಂದು ಸಲವೂ ಕೇಳಿಸಲೇ ಇಲ್ಲ."

"ಕೇಳಿಸುವುದಿಲ್ಲ, ಟೀಚರ್" ಎಂದೆ.

ಕುರ್ಚಿಗೆ ಬಣ್ಣ ಹಚ್ಚಿದ್ದು ಎರಡಿಂಚಿನ ಬ್ರಶ್ಶಿನಲ್ಲಿ.