ವಾಚಣ್ಣನ ಕರೆಂಟ್ ಒಲೆ

ಹೊಸ ಕರೆಂಟ್ ಒಲೆಯನ್ನು ತಾನೇ ಜೋಡಿಸುತ್ತೇನೆಂದು ವಾಚಣ್ಣ ಬಾಯಿ ತಪ್ಪಿ ಹೇಳಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಬೀರುವಿನಷ್ಟು ಭಾರದ ಒಲೆ ಅದು. ಮೇಲೆ ನಾಲ್ಕು ಉರಿ, ಹೊಟ್ಟೆಯಲ್ಲಿ ಓವನ್, ಹಣೆಯಲ್ಲೊಂದು ಪುಟ್ಟ ಗಡಿಯಾರ.

ಬೀದಿ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿದ್ದ ಅವನಿಗೆ ಎಲೆಕ್ಟ್ರಿಷಿಯನ್ ಎಂದರೆ ಆಗದು. ಯಾಕೆಂದರೆ ಹೆಂಡತಿಯ ತಮ್ಮನೇ ಎಲೆಕ್ಟ್ರಿಷಿಯನ್. ಆ ಭಾಮೈದ ಹಿಂದೊಮ್ಮೆ ನೆಂಟರೆಲ್ಲರ ಎದುರು, ಭಾವನಿಗೆ ಬಲ್ಬ್ ಹಾಕುವುದಕ್ಕೂ ಬರುವುದಿಲ್ಲ ಎಂದು ನಕ್ಕಿದ್ದ. ಆ ಮಾತನ್ನು ವಾಚಣ್ಣ ಇನ್ನೂ ಜೀರ್ಣಿಸಿಕೊಂಡಿರಲಿಲ್ಲ.

“ರೀ, ಸಂಜೆ ಐದಕ್ಕೆ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಕೇಕ್ ಮಾಡ್ತೀನಿ ಅಂತ ಒಪ್ಕೊಂಡಿದ್ದೀನಿ,” ಎಂದಳು ಹೆಂಡತಿ. “ಮೂರಕ್ಕೆ ಓವನ್ ಬಿಸಿಯಾಗ್ಲಿಲ್ಲ ಅಂದ್ರೆ ನನ್ ತಮ್ಮನ್ನ ಕರೀತೀನಿ.”

ಒಲೆಯ ಬೆನ್ನಿಗೆ ಪ್ಲಗ್ ಇರಲಿಲ್ಲ. ವಾಚಣ್ಣ ಇಸ್ತ್ರಿಪೆಟ್ಟಿಗೆಯ ವೈರ್ ಬಿಚ್ಚಿ ಅದಕ್ಕೆ ಕಟ್ಟಿ ಸ್ವಿಚ್ ಒತ್ತಿದ. ಒಲೆ ತಣ್ಣಗೇ ಕೂತಿತು. ಗಡಿಯಾರ ಮಾತ್ರ ನಾಲ್ಕು ಕೆಂಪು ಸೊನ್ನೆ ತೋರಿಸಿ ಮಿನುಗತೊಡಗಿತು. ಬೆಳಗ್ಗೆ ಹತ್ತು ಗಂಟೆಗೆ ಸೊನ್ನೆ ತೋರಿಸುವ ಗಡಿಯಾರವನ್ನು ವಾಚಣ್ಣ ಸಹಿಸುವುದುಂಟೇ? ಮುಳ್ಳಿಲ್ಲದ್ದೂ ಒಂದು ಗಡಿಯಾರವೇ ಎಂದು ಬೈದು ಅದರ ಮೇಲೆ ಕಪ್ಪು ಟೇಪ್ ಮೆತ್ತಿದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಾಜರ್. ಅವರಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿರಲಿಲ್ಲ. ವೈರ್ ತೆಳುವಾಯಿತು, ಕರೆಂಟ್ ಸಾಲುತ್ತಿಲ್ಲ ಎಂದರು. ವಾಚಣ್ಣ ಅಂಗಡಿಗೆ ಓಡಿ ಹೆಬ್ಬೆರಳು ಗಾತ್ರದ ವೈರ್ ತಂದ. ಒಲೆ ಜಪ್ಪಯ್ಯ ಅನ್ನಲಿಲ್ಲ. ಹಾಗಾದರೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಯಬೇಕು ಎಂದರು ಮೇಷ್ಟ್ರು. ವಾಚಣ್ಣ ಹತ್ತಿದ ಏಣಿ ಅಲ್ಲಾಡಿದಾಗ, ಒಲೆಯ ಜೊತೆ ಬಂದಿದ್ದ ಪುಸ್ತಕವನ್ನು ಮಡಚಿ ಅದರ ಕಾಲಡಿ ಇಟ್ಟವರೂ ಅವರೇ.

ಮೇನ್ ಆಫ್ ಮಾಡಿ, ಮೇಷ್ಟ್ರ ಮನೆಯಿಂದಲೇ ಕರೆಂಟ್ ತಂದು ವಾಚಣ್ಣ ಗೋಡೆ ಕೊರೆದ. ಡ್ರಿಲ್ಲು ಗೋಡೆಯಾಚೆ ಮೇಷ್ಟ್ರ ಮನೆಗೇ ಹೋಯಿತು. ಅಲ್ಲಿ ಮೇಷ್ಟ್ರ ಬೀಳ್ಕೊಡುಗೆಯ ಫೋಟೋ ತೂಗುತ್ತಿತ್ತು. ಹಾರದ ನಡುವೆ ನಗುತ್ತಿದ್ದ ಮೇಷ್ಟ್ರ ಮೂಗೇ ತೂತಾಯಿತು. ಆ ತೂತಿನಲ್ಲಿ ಮೇಷ್ಟ್ರ ಹೆಂಡತಿಯ ಕಣ್ಣು ಕಾಣಿಸಿ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ವಿಚಾರಿಸಿತು.

ಮೂರು ಗಂಟೆಗೆ ಲೈನ್ ಮುಗಿಯಿತು. ಮೈಯೆಲ್ಲ ಸುಣ್ಣವಾಗಿದ್ದ ವಾಚಣ್ಣ ಮೇನ್ ಆನ್ ಮಾಡಿ ಸ್ವಿಚ್ ಒತ್ತಿದ. ಓವನ್ ತಣ್ಣಗೇ ಇತ್ತು. ಹತ್ತು ನಿಮಿಷ ಕೊಡು ಎಂದು ಹೆಂಡತಿಯನ್ನು ಅಂಗಲಾಚುತ್ತಿರುವಾಗಲೇ, ಅವಳು ಆಗಲೇ ಫೋನ್ ಮಾಡಿ ಕರೆಸಿದ್ದ ಭಾಮೈದ ಒಳಗೆ ಬಂದ.

ಅವನು ಬೋರ್ಡ್ ನೋಡಿದ, ವೈರ್ ಎಳೆದು ನೋಡಿದ. “ಭಾವ, ವೈರಿಂಗ್ ಪರವಾಗಿಲ್ಲ. ನಾನಾಗಿದ್ರೂ ಹೀಗೇ ಮಾಡ್ತಿದ್ದೆ,” ಎಂದ.

ವಾಚಣ್ಣನಿಗೆ ನೆಲ ಕಾಣದಷ್ಟು ಹಿಗ್ಗು. ಹೆಂಡತಿಯ ಕಡೆ ಒಮ್ಮೆ, ಮೇಷ್ಟ್ರ ಕಡೆ ಒಮ್ಮೆ ನೋಡಿದ.

ಭಾಮೈದ ಏಣಿಯಡಿಯ ಪುಸ್ತಕ ಎಳೆದು ಒಂದು ಹಾಳೆ ಓದಿದ. ಟೇಪ್ ಕಿತ್ತ. ಎರಡು ಗುಂಡಿ ಒತ್ತಿದ. ಓವನ್ ಗುಂಯ್ ಎಂದು ಕೆಂಪಗಾಯಿತು.

“ಏನೋ ಮಾಡ್ದೆ?” ಎಂದ ವಾಚಣ್ಣ.

“ಟೈಮ್ ಸರಿ ಮಾಡ್ದೆ ಭಾವ. ಗಡಿಯಾರ ಸರಿಯಿಲ್ಲ ಅಂದ್ರೆ ಇದು ಬಿಸಿನೇ ಆಗಲ್ವಂತೆ.”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿಟ್ಟು ಕಲಸಲು ಹೋದಳು. ಮೇಷ್ಟ್ರು, ವಾಚಣ್ಣ ಮೂರು ಸಲ ರಿಪೇರಿ ಮಾಡಿದ್ದ ತಮ್ಮ ಕೈಗಡಿಯಾರವನ್ನು ಬಿಚ್ಚಿ ಭಾಮೈದನ ಕೈಗೆ ಕೊಟ್ಟರು.

“ದಿನಾ ಹತ್ತು ನಿಮಿಷ ಹಿಂದೆ ಬೀಳುತ್ತೆ. ಸ್ವಲ್ಪ ನೋಡಪ್ಪ.”