ಒಂದು ಟೆಂಪೋ ತುಂಬ ಆರೋಗ್ಯವಂತರು

ಈ ದಿನ ಬೆಳಗಿನಿಂದ ನಾನು ಮಾಡಿದ ಕೆಲಸಗಳು: ಹಸುವಿನ ಹಾಲು ಕರೆದು ಡೇರಿಗೆ ಕಳಿಸಿದ್ದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು. ದೋಸೆ ಹಿಟ್ಟು ಹುಳಿ ಬಂದಿದ್ದರಿಂದ ಅದಕ್ಕೆ ಈರುಳ್ಳಿ, ಮೆಣಸಿನಕಾಯಿ ಹೆಚ್ಚಿ ಹಾಕಿ, ದಪ್ಪಗೆ ಹುಯ್ದು, ಇದು ಹೊಸ ತಿಂಡಿ ಎಂದು ಗಂಡನನ್ನು ನಂಬಿಸಿದ್ದು. ಕೊಟ್ಟಿಗೆ ತೊಳೆದಿದ್ದು. ರಾತ್ರಿಯ ಸಾರಿಗೆ ಹುರುಳಿಕಾಳು ನೆನೆಹಾಕಿದ್ದು. ಒಗೆದ ಬಟ್ಟೆ ಹರವಿದ್ದು. ಆಮೇಲೆ, ಹೈಕೋರ್ಟಿನಲ್ಲಿ ನಡೆಯುತ್ತಿದ್ದ ಮೊಕದ್ದಮೆಯೊಂದಕ್ಕೆ ಕೈ ಹಾಕಿದ್ದು.

ಕೊನೆಯದೊಂದನ್ನು ಬಿಟ್ಟರೆ ಉಳಿದ ಕೆಲಸಗಳೆಲ್ಲ ಸುಸೂತ್ರವಾಗಿ ಆದವು!

ಮೊಕದ್ದಮೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಒಬ್ಬಳೇ ಮಗಳು ಚಂದನಾ ಆಯುರ್ವೇದ ಓದುತ್ತಿದ್ದಾಳೆ. ಮೊದಲ ವರ್ಷ. ನಾವಿರುವುದು ಪಾಂಡವಪುರದ ಅಂಚಿನಲ್ಲಿ. ಅವಳ ಕಾಲೇಜು ಕೆ.ಆರ್.ಪೇಟೆ ಕಡೆಗೆ, ಕಬ್ಬಿನ ಗದ್ದೆಗಳ ನಡುವೆ. ಕಾಲೇಜಿಗೆ ಅಂಟಿಕೊಂಡಂತೆ ಅವರದೇ ಒಂದು ಆಸ್ಪತ್ರೆ. ನೂರು ಸೀಟಿನ ಕಾಲೇಜು ಎಂದೇ ಸೇರಿಸಿದ್ದು. ಹಾಸಿಗೆ, ಬಕೆಟ್ಟು, ಒಂದು ಡಬ್ಬ ಚಟ್ನಿಪುಡಿ ಎಲ್ಲವನ್ನೂ ಹಾಸ್ಟೆಲ್ಲಿಗೆ ಸಾಗಿಸಿ ಮನೆಗೆ ಬಂದು ಉಸ್ಸೆಂದು ಕೂತಿದ್ದೇವೆ, ಅಷ್ಟರಲ್ಲಿ ಇಂಥ ಕಾಲೇಜುಗಳಿಗೆ ಸೀಟು ಹಂಚುವ ಮೇಲಿನ ಆಯೋಗದಿಂದ ಆದೇಶ ಬಂತು: 'ನಿಮ್ಮ ಆಸ್ಪತ್ರೆಗೆ ಬರುವ ರೋಗಿಗಳು ಸಾಲದು. ಆದ್ದರಿಂದ ನಿಮಗೆ ಅರವತ್ತೇ ಸೀಟು.'

ಚಂದನಾ ಸೇರಿದ್ದು ಕೊನೆಯ ಸುತ್ತಿನ ಕೌನ್ಸೆಲಿಂಗ್‌ನಲ್ಲಿ. ಅರವತ್ತರ ಗೆರೆ ಎಲ್ಲಿ ಎಳೆದರೂ ಅವಳು ಅದರ ಆಚೆಗೇ ಬೀಳುತ್ತಿದ್ದಳು. ಕಾಲೇಜಿನವರು ಹೈಕೋರ್ಟಿಗೆ ಹೋದರು. ಅಲ್ಲಿ ವಾಯಿದೆಯ ಮೇಲೆ ವಾಯಿದೆ. ಇತ್ತ ನಮ್ಮ ಹುಡುಗಿ, ಸೀಟು ಇರುತ್ತದೋ ಇಲ್ಲವೋ ತಿಳಿಯದೆ, ಹಾಸ್ಟೆಲ್ಲಿನ ತಾರಸಿಯ ಮೇಲೆ ಓಡಾಡುತ್ತ ಮೂಳೆಗಳ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. "ಸೀಟು ಹೋದ್ರೆ ಈ ಮೂಳೆ ಹೆಸರನ್ನೆಲ್ಲ ಇಟ್ಕೊಂಡು ಏನ್ ಮಾಡ್ಲಿ ಅಮ್ಮಾ?" ಎಂದು ಒಂದು ದಿನ ಫೋನಿನಲ್ಲಿ ಕೇಳಿ ನಕ್ಕಳು. ಆ ನಗು ನನಗೇನೂ ಹಿಡಿಸಲಿಲ್ಲ.

ನಿನ್ನೆ ಸಂಜೆ ಅವಳದೇ ಫೋನು. "ನಾಳೆ ಆಯೋಗದೋರು ಮತ್ತೆ ಪರಿಶೀಲನೆಗೆ ಬರ್ತಾರಂತೆ. ಕೋರ್ಟಲ್ಲೂ ನಾಳೇನೇ ಇದೆ. ನೀನು ಗಾಬರಿಯಾಗಿ ಗಳಿಗೆಗೊಂದ್ಸಲ ಫೋನ್ ಮಾಡ್ಬೇಡ."

ಮಗಳ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಫೋನು ಮಾಡಲಿಲ್ಲ. ಖುದ್ದಾಗಿ ಹೋದೆ!

ದೋಸೆ ಹುಯ್ಯುತ್ತಿರುವಾಗ ನನಗೆ ಜ್ಞಾನೋದಯವಾಗಿತ್ತು. ಕಾಲೇಜಿಗೆ ಕೊರತೆ ಯಾವುದರದು? ರೋಗಿಗಳದು. ನಮ್ಮ ಬಳಗದಲ್ಲಿ ಹೇರಳವಾಗಿ ಇರುವುದು ಯಾವುದು? ಅದೇ! ತೊಣ್ಣೂರಿನ ಹತ್ತಿರ ನನ್ನ ಅಕ್ಕ ಪುಟ್ಟತಾಯಮ್ಮನ ಊರು. ಅವಳಿಗೆ ಮಂಡಿ ನೋವು. ಅವಳ ಗಂಡ ಸಣ್ಣೇಗೌಡ ಭಾವನಿಗೆ ಹೊಟ್ಟೆಯಲ್ಲಿ ವಾಯು. ಅವರ ಬೀದಿಯಲ್ಲಿರುವ ನೆಂಟರಲ್ಲಿ ಬೆನ್ನು, ಕತ್ತು, ಪಿತ್ತ, ತಲೆಸುತ್ತು, ಯಾವುದಕ್ಕೂ ಬರವಿಲ್ಲ. ನನ್ನ ಬಲಭುಜವೂ ಹಿಡಿದುಕೊಂಡು ಎಷ್ಟೋ ತಿಂಗಳಾಗಿತ್ತು. ಸುಳ್ಳು ರೋಗಿಗಳನ್ನು ತಂದರೆ ಅದು ಮೋಸ. ನಿಜವಾದ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿದರೆ ಅದು ಸಮಾಜಸೇವೆ ತಾನೆ?

ನನ್ನ ಗಂಡ ಶಿವಣ್ಣ ಹೈಸ್ಕೂಲಿನಲ್ಲಿ ಗುಮಾಸ್ತರು. ಕಾಗದಪತ್ರ ಎಂದರೆ ಅವರಿಗೆ ಭಯ, ಭಕ್ತಿ ಎರಡೂ ಉಂಟು. ವಿಷಯ ಕೇಳಿ ಅವರ ಕೈಯ ದೋಸೆ ಕೈಯಲ್ಲೇ ನಿಂತಿತು.

"ಲೇ, ಅದು ಕೋರ್ಟಿನ ಯವಾರ ಕಣೆ. ವಕೀಲ್ರು ನೋಡ್ಕತರೆ. ನೀನ್ ಸುಮ್ಕಿರು."

"ಆ ವಕೀಲ್ರಿಗೆ ಮಂಡಿ ನೋವಿದ್ದದಾ?"

"ಅವ್ರಿಗ್ಯಾಕಿರ್ತದೆ?"

"ನಮ್ಮಕ್ಕಂಗಿದೆ!"

ಅವರು ಉಳಿದ ದೋಸೆಯನ್ನು ಬಾಯಿಗೆ ತುರುಕಿಕೊಂಡರು. ಸೈಕಲ್ ಹತ್ತಿ ಸ್ಕೂಲಿಗೆ ಹೊರಟುಹೋದರು.

ಎದುರುಮನೆಯ ರಿಯಾಜ್‌ನದು ಮದುವೆ, ಬೀಗರೂಟಗಳಿಗೆ ಜನ ಸಾಗಿಸುವ ಟೆಂಪೋ. "ಚಂದನಾ ಬೇಟಿಗೋಸ್ಕರ ಅಂದ್ಮೇಲೆ ಬಾಡಿಗೆ ಮಾತ್ಯಾಕೆ ಅಕ್ಕಾ, ಡೀಸೆಲ್ ಹಾಕ್ಸ್ಬುಡಿ ಸಾಕು" ಎಂದು ಗಾಡಿ ತೆಗೆದೇಬಿಟ್ಟ. ಇಷ್ಟು ಸಲೀಸಾಗಿ ಶುರುವಾದ ಕೆಲಸ ಕೆಡುವುದುಂಟೆ!

ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ: ಚಂದನಾಳ ಕಾಲೇಜಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರೋಣ, ನಮ್ಮವರಿಗೆಲ್ಲ ಹೇಳು, ಹುಡುಗಿಗೆ ಒಳ್ಳೆಯದಾಗುತ್ತದೆ. ಊರ ಬಾಗಿಲಿನಲ್ಲಿ ಟೆಂಪೋ ನಿಂತಿತು. ನನ್ನ ರೋಗಿಗಳು ಒಬ್ಬೊಬ್ಬರಾಗಿ ಬಂದರು. ಅಕ್ಕ ಕೆಂಪು ರೇಷ್ಮೆ ಸೀರೆ ಉಟ್ಟು, ಕಾಸಿನ ಸರ ಹಾಕಿ, ತುರುಬಿಗೆ ಒಂದು ಮೊಳ ಮಲ್ಲಿಗೆ ಮುಡಿದಿದ್ದಳು. ಭಾವ ಗರಿಗರಿ ಬಿಳಿ ಪಂಚೆ, ಶಲ್ಯ, ಮೇಲೆ ಸೆಂಟಿನ ಘಮಲು. ಹಿಂದೆ ಬಂದ ಹೆಂಗಸರ ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ!

"ಇದೇನಕ್ಕ? ನಾವು ಓಯ್ತಿರೋದು ಆಸ್ಪತ್ರೆಗೆ!"

"ಗೊತ್ತು ಬುಡು. ಮಗ ಓದೋ ಜಾಗುಕ್ಕೆ ಮೊದುಲ್ನೆ ಕಿತ ಕಾಲಿಕ್ತಾ ಇವ್ನಿ. ಹರ್ಕಲು ಸೀರೆ ಉಟ್ಕಂಡು ಬಂದ್ರೆ ಉಡ್ಗಿಗೆ ಮರ್ವಾದೆನಾ?"

ನಮ್ಮ ಕಡೆ ಗಂಡಾಗಲಿ ಹೆಣ್ಣಾಗಲಿ, ಪ್ರೀತಿ ಬಂದರೆ 'ಮಗ'ನೇ. ಆ ಪ್ರೀತಿಯ ಮುಂದೆ ನಾನೇನು ಹೇಳಲಿ? ದಾರಿಯಲ್ಲಿ ಪಾಠ ಮಾಡಿದೆ. "ಯಾರಾರ ಏನ್ ತೊಂದ್ರೆ ಅಂತ ಕೇಳುದ್ರೆ, ಇರೋದ್ನ ಇದ್ದಂಗೇ ಹೇಳಿ. ಒಂದಕ್ಷರ ಸುಳ್ಳು ಬ್ಯಾಡ." ಹೇಳಿದ್ದೇ ತಡ, ಟೆಂಪೋದಲ್ಲಿ ಕಾಯಿಲೆಗಳ ಹರಾಜು ಶುರುವಾಯಿತು.

"ಕುಂತ್ರೆ ಏಳಂಗಿಲ್ಲ, ಎದ್ರೆ ಕೂರಂಗಿಲ್ಲ ಕಣವ್ವ ಈ ಮಂಡಿ" ಎಂದಳು ಅಕ್ಕ.

"ನಿಂದೇನ್ ಮಾ ದೊಡ್ದು! ನನ್ ಹೊಟ್ಟೆವೊಳ್ಗೆ ಗುಡ್ಗು ಸಿಡ್ಲು ಎಲ್ಡೂವೆ" ಎಂದರು ಭಾವ.

ಒಬ್ಬರನ್ನು ಮೀರಿಸಿ ಒಬ್ಬರು! ಹೆಮ್ಮೆಯಿಂದ ನನ್ನ ಎದೆಯುಬ್ಬಿತು. ಇಂಥ ರೋಗಿಗಳನ್ನು ನೋಡಿದರೆ ಆಯೋಗದವರು ನೂರಲ್ಲ, ಇನ್ನೂರು ಸೀಟು ಕೊಟ್ಟಾರು ಅಂದುಕೊಂಡೆ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ನಮ್ಮನ್ನು ಕಂಡು ವಿನಯದಿಂದ ಹೇಳಿದ: "ಕಲ್ಯಾಣ ಮಂಟಪ ಇನ್ನೂ ಮುಂದಕ್ಕಾಯ್ತದೆ ಯಜಮಾನ್ರೇ."

"ಮಂಟ್ಪ ಯಾರಿಗ್ ಬೇಕ್ಲಾ? ನಾವು ರೋಗಿಗಳು!" ಎಂದು ಭಾವ ಮೀಸೆ ತಿರುವಿದರು.

ಒಳಗೆ ಒಂದಿಷ್ಟು ಜನ ತಾವಾಗಿಯೇ ಬಂದ ರೋಗಿಗಳು ಬೆಂಚುಗಳ ಮೇಲೆ ಸುಮ್ಮನೆ ಕೂತಿದ್ದರು. ನಾವು ಚೀಟಿ ಮಾಡಿಸಿಕೊಂಡು, ಎದುರಿನ ಸಾಲಿನಲ್ಲಿ, ಹೆಣ್ಣು ನೋಡಲು ಬಂದ ಬೀಗರಂತೆ ಆಸೀನರಾದೆವು. ಬಾಳೆಹಣ್ಣು ಯಾರ ಕೈಗೆ ಕೊಡಬೇಕೆಂದು ಪಿಸುಪಿಸು ಚರ್ಚೆ ನಡೆಯುತ್ತಿರುವಾಗಲೇ ಪರಿಶೀಲನೆಯ ಅಧಿಕಾರಿ ಬಂದರು. ದಪ್ಪ ಕನ್ನಡಕದ ಹಿರಿಯರು. ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದ ಪ್ರಿನ್ಸಿಪಾಲರು. ಅಧಿಕಾರಿ ನೇರವಾಗಿ ಬಂದದ್ದು ರೇಷ್ಮೆ ಸೀರೆಯ ಹತ್ತಿರವೇ.

"ಏನಮ್ಮಾ, ಏನು ತೊಂದರೆ ನಿಮಗೆ?"

ಅಕ್ಕ ಸೆರಗು ಸರಿಮಾಡಿಕೊಂಡಳು. "ತೊಂದ್ರೆನಾ? ನಂಗ್ಯಾಕ್ ಸಾ ತೊಂದ್ರೆ? ದೇವ್ರು ಚೆಂದಾಗ್ ಮಡುಗವ್ನೆ."

ನಾನು ಸಾಲಿನ ತುದಿಯಿಂದ ಅಕ್ಕನಿಗೆ ಕಣ್ಸನ್ನೆ ಮಾಡಿದೆ.

"ಮತ್ತೆ ಚೀಟಿ ಮಾಡಿಸಿದ್ದೀರಲ್ಲ?"

"ಕೊಟ್ರು, ಈಸ್ಕಂಡೆ."

ಅಧಿಕಾರಿ ಭಾವನ ಕಡೆ ತಿರುಗಿದರು. ಭಾವ ಎದೆ ಸೆಟೆಸಿದರು. "ನಮ್ಮನೇಲಿ ಕಾಯ್ಲೆ ಅನ್ನೋದೇ ಇಲ್ಲ ಸಾ. ನಮ್ ವಂಸ್ದೋರು ಕಬ್ಣ ತಿಂದ್ರೂ ಕರುಗ್ಸ್ತೀವಿ." ಸರಿಯಾಗಿ ಆ ಗಳಿಗೆಗೇ ಅವರ ಹೊಟ್ಟೆಯಲ್ಲಿ ಗುಡುಗಿತು. ಇಡೀ ಹಜಾರಕ್ಕೆ ಕೇಳಿಸಿತು.

"ರೋಡ್ನಲ್ಲಿ ಟ್ರಾಕ್ಟರು ಓಯ್ತಾ ಅದೆ ಸಾ" ಎಂದರು ಭಾವ.

ಸಾಲಿಗೆ ಸಾಲೇ ಹೀಗೆ. ಬೆನ್ನಿಲ್ಲ, ಕತ್ತಿಲ್ಲ, ಪಿತ್ತವಿಲ್ಲ. ಟೆಂಪೋ ಹತ್ತುವಾಗ ನರಳುತ್ತಿದ್ದವರೆಲ್ಲ ಇಳಿಯುವಷ್ಟರಲ್ಲಿ ಪೈಲ್ವಾನರಾಗಿದ್ದರು! ಕೊನೆಗೆ ಅಧಿಕಾರಿ ನನ್ನ ಮುಂದೆ ನಿಂತರು. ಬೇರೆಯವರು ಹಾಳಾಗಲಿ, ನಾನಾದರೂ ಭುಜದ ನೋವನ್ನು ಎತ್ತಿಹಿಡಿಯಬೇಕು ಎಂದು ಬಾಯಿ ತೆರೆದೆ. ಬಾಯಿ ತಾನಾಗಿಯೇ ಹೇಳಿತು:

"ನಂಗೇನೂ ಇಲ್ಲ ಸಾರ್. ಕಲ್ಲುಗುಂಡು!"

ಅಷ್ಟರಲ್ಲಿ ಹಿಂದಿನಿಂದ ದೇವರಂತೆ ರಿಯಾಜ್ ಬಂದ. "ಸಾರ್, ನಂದೊಂಚೂರು ನೋಡಿ. ಸೊಂಟ ಇಡ್ಕಂಡು ಜಾನ್ ತೆಗೀತದೆ."

ಅಧಿಕಾರಿಯ ಮುಖ ಅರಳಿತು. "ಅಂತೂ ಒಬ್ಬರು ಸಿಕ್ಕಿದಿರಲ್ಲಪ್ಪ! ಯಾರ ಜೊತೆ ಬಂದಿರಿ?"

"ಯಾರ ಜೊತೆನೂ ಇಲ್ಲ ಸಾರ್. ಇವ್ರುನ್ನೆಲ್ಲ ಕರ್ಕೊಂಡು ಬಂದೋನೇ ನಾನು! ಅಲ್ ನಿಂತೈತಲ್ಲ, ಅದೇ ಟೆಂಪೋ."

ಪ್ರಿನ್ಸಿಪಾಲರು ತಲೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು. ನಮ್ಮ ಸಾಲಿನಲ್ಲಿ ರೋಗಿಗಳ ಸಂಖ್ಯೆ ಎರಡಕ್ಕೇರಿತು.

ಆಗಲೇ ಬಿಳಿ ಕೋಟು ಹಾಕಿಕೊಂಡು ಗೆಳತಿಯರ ಜೊತೆ ಚಂದನಾ ಬಂದದ್ದು. ನಮ್ಮನ್ನೆಲ್ಲ ನೋಡಿದಳು. ಬಾಳೆಹಣ್ಣು ನೋಡಿದಳು. ಟೆಂಪೋ ನೋಡಿದಳು. ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ.

"ಅಮ್ಮಾ, ಯಾರು ನಿಂಗೆ ಬಾ ಅಂದಿದ್ದು?" ಎದುರು ಬೆಂಚಿನ ಕಡೆ ಕೈ ತೋರಿಸಿದಳು. "ಅಲ್ ಕೂತಿರೋರು ನಿಜವಾದ ಪೇಷೆಂಟ್ಸು. ಇನ್ಮೇಲೆ ಅವ್ರನ್ನೂ ಇವ್ರು ನಂಬಲ್ಲ. ಹೋಯ್ತು ನನ್ ಸೀಟು."

ಕಣ್ಣಿನ ಅಂಚಿನಲ್ಲಿ ನೀರು. ಮೂಳೆಗಳ ಹೆಸರು ಕಲಿತು ಕಲಿತು ಕೆಂಪಾದ ಕಣ್ಣುಗಳವು. ನನ್ನ ಜನ್ಮದಲ್ಲಿ ಅಷ್ಟು ಸಣ್ಣವಳಾಗಿ ನಾನು ಎಂದೂ ನಿಂತಿರಲಿಲ್ಲ. ಎದ್ದು ಕೈಮುಗಿದೆ.

"ಸಾರ್, ಕಾಲೇಜಿನೋರಿಗೆ ಇದೇನೂ ಗೊತ್ತಿಲ್ಲ. ನನ್ನ ಮಗಳು ಅರವತ್ತರ ಆಚೆ ಇದಾಳೆ. ತಡೀಲಾರದೆ ನಾನೇ ಇವ್ರನ್ನೆಲ್ಲ ಕರ್ಕೊಂಡು ಬಂದೆ. ನಮ್ಮನ್ನ ಲೆಕ್ಕಕ್ಕೆ ಹಿಡೀಬೇಡಿ. ಎದುರುಗಡೆ ಇರೋರನ್ನ ಕೇಳಿ."

"ಹೀಗೆ ರೋಗಿಗಳನ್ನ ಗಾಡಿಯಲ್ಲಿ ತುಂಬಿ ತರೋದು ಎಷ್ಟು ದೊಡ್ಡ ತಪ್ಪು, ಗೊತ್ತೇನಮ್ಮ?"

"ಕಾಯಿಲೆಗಳು ನಿಜ ಸಾರ್."

"ಅವರೇ ಇಲ್ಲ ಅಂತಾರಲ್ಲಮ್ಮ! ನೀವೂ ಕಲ್ಲುಗುಂಡು ಅಂದಿರಿ."

ಮುಗಿದ ಕೈಯನ್ನು ನಾನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡೆ.

ತಂಗಿಯನ್ನು ಬೈದದ್ದನ್ನು ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. "ನೋಡಿ ಸಾ..." ಎಂದು ಏಳಹೋದಳು. ಅರ್ಧ ಎದ್ದು, ಹಲ್ಲು ಕಚ್ಚಿ, ಹಾಗೇ ಬೆಂಚಿಗೆ ಬಿದ್ದಳು. ಚಂದನಾ ಓಡಿಬಂದು ನೆಲಕ್ಕೇ ಕೂತು ಅವಳ ಮಂಡಿಯ ಮೇಲೆ ಕೈಯಿಟ್ಟಳು. "ದೊಡ್ಡಮ್ಮಾ, ಎಷ್ಟು ಊದಿದೆ! ಇಷ್ಟು ನೋವಿಟ್ಕೊಂಡು ಯಾಕೆ ಏನಿಲ್ಲ ಅಂದೆ?"

ಅಕ್ಕನಿಗೆ ಪಿಸುಮಾತು ಬರುವುದಿಲ್ಲ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಮಾತಾಡಿ ಅಭ್ಯಾಸ. ಗುಟ್ಟಾಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಸುಮ್ಕಿರು ಮಗ. ನಿನ್ ಮೇಷ್ಟ್ರು, ಸ್ನೇಯಿತ್ರು ಎಲ್ಲಾ ಅವ್ರೆ. ನಾಳೆ ನಿಂಗೆ ಗಂಡು ನೋಡುವಾಗ, ಆ ಮನೇವ್ರಿಗೆಲ್ಲ ಮಂಡಿನೋವಂತೆ, ವಾಯುವಂತೆ ಅಂತ ಯಾರಾರ ಅಂದ್ಬುಟ್ರೆ ಏನ್ ಮಾಡನೆ?"

ನಮ್ಮ ಸಾಲಿನ ತಲೆಗಳೆಲ್ಲ ಹೌದೆಂದು ಆಡಿದವು. ನನ್ನ ಬಾಯಿ ಯಾಕೆ ಹಾಗೆ ಹೇಳಿತೆಂದು ನನಗೂ ಆಗಲೇ ತಿಳಿದದ್ದು. ಮನೆಯಲ್ಲಿ ಹುಡುಗಿ ಬೆಳೆದಳೆಂದರೆ ನಮ್ಮ ಕಡೆಯವರ ಕಾಯಿಲೆಗಳೆಲ್ಲ ಪೆಟ್ಟಿಗೆ ಸೇರುತ್ತವೆ. ಹೊರಗಿನವರ ಮುಂದೆ ತೆಗೆಯುವುದಿಲ್ಲ. ಎಲ್ಲರೂ ಕೂಡಿ ಅವಳ ಮದುವೆಯನ್ನು ಉಳಿಸಲು ಹೋಗಿ ಸೀಟನ್ನು ಬಲಿಕೊಟ್ಟಿದ್ದರು. ಕೊಟ್ಟಿದ್ದೆವು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದರೋ ಏನೋ, ಹೇಳಲಾರೆ. "ಇವರೆಲ್ಲರ ಚೀಟಿ ತೆಗೆದುಹಾಕಿ. ಡ್ರೈವರ್ ಒಬ್ಬರನ್ನ ಇಟ್ಟುಕೊಳ್ಳಿ" ಎಂದರು. ಹೊರಡುವ ಮುಂಚೆ ಅಕ್ಕನಿಗೆ, "ನೀವು ಇನ್ನೊಂದು ದಿನ ಬನ್ನಮ್ಮ. ಬಸ್ಸಲ್ಲಿ ಬನ್ನಿ" ಎಂದು ಎದುರು ಬೆಂಚಿನ ಕಡೆ ನಡೆದರು. ಅಲ್ಲಿದ್ದವರು ಪಾಪ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು.

ಚಂದನಾ ವಾರ್ಡನ್ನಿಗೆ ಹೇಳಿ ನಮ್ಮ ಜೊತೆಯೇ ಹೊರಟಳು. ನಮ್ಮನ್ನು ನಮ್ಮಷ್ಟಕ್ಕೆ ಬಿಡಲು ಅವಳಿಗೆ ಧೈರ್ಯವಿರಲಿಲ್ಲ. ಮುಂದೆ ರಿಯಾಜ್‌ನ ಪಕ್ಕದಲ್ಲಿ, ಮುಖ ಹೊರಗೆ ತಿರುಗಿಸಿಕೊಂಡು ಕೂತಳು. ಅವಳ ಜಡೆಯನ್ನೇ ನೋಡುತ್ತ ನಾನು ಹಿಂದೆ ಕೂತಿದ್ದೆ. ಅರ್ಧ ದಾರಿಯಲ್ಲಿ ನನ್ನ ಫೋನು ಹೊಡೆದುಕೊಂಡಿತು. ನಮ್ಮವರು!

"ಲೇ, ಪೋಷಕರ ಗ್ರೂಪ್ನಲ್ಲಿ ಬಂದದೆ. ಕೋರ್ಟು ಹೇಳ್ಬುಡ್ತಂತೆ. ಆದೇಶಕ್ಕೆ ಮುಂಚೆ ಸೇರಿರೋ ಮಕ್ಕಳು ಓದು ಮುಗಿಸ್ಬೋದಂತೆ. ಸೀಟು ಉಳ್ಕತು ಕಣೆ!"

"ಮತ್ತೆ ಇವತ್ತಿನ ಪರಿಶೀಲನೆ?"

"ಅದು ಮುಂದಿನ ವರ್ಷ ಸೇರೋರ ವಿಷ್ಯ. ನಮ್ಮ ಹುಡ್ಗೀಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದಂಗೆ ನೀನೆಲ್ಲಿದೀಯ?"

ಮನೆಗೆ ಬಂದು ಹೇಳುತ್ತೇನೆಂದು ಫೋನು ಇಟ್ಟೆ. ಟೆಂಪೋದಲ್ಲಿದ್ದವರಿಗೆಲ್ಲ ಸುದ್ದಿ ಹೇಳಿದೆ. ಚಂದನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳು ಮುಗಿದು ನಗು ಬಂದ ಮೇಲೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಅಷ್ಟು ಸಾಕಾಗಿತ್ತು.

ಅಕ್ಕ ಮಾತ್ರ ಗಂಭೀರವಾಗಿ ಘೋಷಿಸಿದಳು: "ನೋಡುದ್ರಾ! ನಾವು ಓಗ್ದೆ ಇದ್ದಿದ್ರೆ ಆಯ್ತಿತ್ತಾ ಇದು?" ಕಾಲೇಜಿಗೆಂದು ತಂದಿದ್ದ ಬಾಳೆಹಣ್ಣನ್ನು ಟೆಂಪೋದಲ್ಲೇ ಹಂಚಿದರು.

ಉಳಿದವರು ತಮ್ಮೂರಿನಲ್ಲಿ ಇಳಿದುಕೊಂಡರು, ಅಕ್ಕ, ಭಾವ ಈ ರಾತ್ರಿ ನಮ್ಮಲ್ಲೇ ಉಳಿದರು. ಚಂದನಾ ಎಣ್ಣೆ ಬಿಸಿ ಮಾಡಿ ದೊಡ್ಡಮ್ಮನ ಮಂಡಿಗೆ ಹಚ್ಚಲು ಕೂತಳು. ಅದನ್ನು ನೋಡಿ ಭಾವ ಹೊಟ್ಟೆ ಮುಂದಿಟ್ಟುಕೊಂಡು ಬಂದರು. ನಮ್ಮವರು ಹಿಮ್ಮಡಿ ನೋವೆಂದರು. ಸೊಂಟ ಹಿಡಿದುಕೊಂಡು ರಿಯಾಜ್ ಬಂದ. ವಿಷಯ ಹೇಗೆ ಗೊತ್ತಾಯಿತೋ, ಪಕ್ಕದ ಮನೆಯವರೂ ಬಂದರು.

"ನಾನಿನ್ನೂ ಮೊದಲ್ನೇ ವರ್ಷ! ಮೂಳೆ ಹೆಸರು ಬಿಟ್ರೆ ಏನೂ ಗೊತ್ತಿಲ್ಲ!" ಎಂದು ಚಂದನಾ ಕೂಗಿಕೊಂಡಳು.

"ಹೆಸ್ರೇ ಹೇಳು ಮಗ, ಕೇಳನ" ಎಂದಳು ಅಕ್ಕ.

ಬೆಳಿಗ್ಗೆ ಬೇಕಾದಾಗ ರಿಯಾಜ್‌ನನ್ನು ಬಿಟ್ಟರೆ ಒಬ್ಬ ರೋಗಿಯೂ ಇರಲಿಲ್ಲ. ಸಂಜೆ ನನ್ನ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ! ನನ್ನ ಸರದಿಗಾಗಿ ನಾನು ಗೋಡೆಗೆ ಒರಗಿ ಕಾಯುತ್ತಿದ್ದೆ.

ಉಂಡದ್ದು: ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಮಜ್ಜಿಗೆ. ಭಾವ ವಾಯುವನ್ನು ಲೆಕ್ಕಿಸದೆ ಎರಡನೆಯ ಮುದ್ದೆ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರು: ಡಾಕ್ಟರು. ಎಣ್ಣೆ ಕೈಯಲ್ಲೇ ಚಾಪೆಯ ಮೇಲೆ ಮಗುಚಿಕೊಂಡಳು. ರೋಗಿಗಳೆಲ್ಲ ಇನ್ನೂ ಮಾತಾಡುತ್ತಲೇ ಇದ್ದರು.